ಬಾಯಲ್ಲಿ ಕ್ಲಿಪ್, ಆಕಾಶದಲ್ಲಿ ಬೆಂಕಿ

ಸಂಜೆ ಏಳು ಗಂಟೆ ಇರಬೇಕು. ಟೆರೇಸ್ ಮೇಲೆ ಬಟ್ಟೆ ತೆಗೆಯುತ್ತಿದ್ದೆ. ಬಾಯಲ್ಲಿ ಎರಡು ಕ್ಲಿಪ್.

ಇದ್ದಕ್ಕಿದ್ದಂತೆ ಕೈಯಲ್ಲಿದ್ದ ಬಿಳಿ ಬೆಡ್‌ಶೀಟ್ ಹಸಿರಾಯಿತು.

ಎದುರು ಮನೆಯವರು ಲೈಟ್ ಹಾಕಿದರೇನೋ ಅಂದುಕೊಂಡು ತಲೆ ಎತ್ತಿದರೆ, ಉಲ್ಕೆ! ಅದೂ ಸಣ್ಣ ಗೀಟಲ್ಲ, ಬೆಂಕಿ ಉಂಡೆ. ಮುಂದೆ ಹಸಿರು, ಹಿಂದೆ ಕಿತ್ತಳೆ ಬಾಲ. ನೀರಿನ ಟ್ಯಾಂಕ್ ಹಿಂದೆ ಹೋಗುವಷ್ಟರಲ್ಲಿ ಎರಡು ತುಂಡಾಗಿ ಆರಿಹೋಯಿತು. ಒಟ್ಟು ಮೂರು ಸೆಕೆಂಡ್ ಇರಬಹುದು.

ಫೋನ್ ಕೆಳಗೆ ಚಾರ್ಜಿಗೆ ಇತ್ತು. ಇರಲಿ ಬಿಡಿ, ಕೈಯಲ್ಲಿದ್ದರೂ ನಾನು ಬಾಯಿ ಬಿಟ್ಟುಕೊಂಡೇ ನಿಂತಿರುತ್ತಿದ್ದೆ. ಕ್ಲಿಪ್ ಎರಡೂ ಬಿದ್ದಿದ್ದವು.

ಸದ್ದೇ ಇಲ್ಲ, ಅದೇ ವಿಚಿತ್ರ. ಇವು ಉರಿಯುವುದು ಸುಮಾರು 80-100 ಕಿಲೋಮೀಟರ್ ಮೇಲೆ. ಸದ್ದು ಬಂದರೂ ಕೆಳಗೆ ಮುಟ್ಟಲು ನಾಲ್ಕೈದು ನಿಮಿಷ ಬೇಕು. ಸುಮ್ನೆ ಕಾದೆ. ಕೇಳಿಸಿದ್ದು ಪಕ್ಕದ ಮನೆ ಕುಕ್ಕರ್ ಸೀಟಿ ಮಾತ್ರ.

ಚುಕ್ಕಿ ಬಿದ್ದಿದ್ದು ಕಂಡರೆ ಹೂವಿನ ಹೆಸರು ಹೇಳು ಅನ್ನುತ್ತಿದ್ದಳು ನಮ್ಮಜ್ಜಿ. ಇಷ್ಟು ದೊಡ್ಡದಕ್ಕೆ ಒಂದು ಹೂವು ಸಾಲುತ್ತಾ? ಮಲ್ಲಿಗೆ, ಸಂಪಿಗೆ, ಕನಕಾಂಬರ ಅಂತ ಮೂರು ಹೇಳಿದೆ.

ಒಂದು ಕ್ಲಿಪ್ ಇನ್ನೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾರಾದ್ರೂ ನೋಡಿದ್ರಾ? ಉಲ್ಕೆನ, ಕ್ಲಿಪ್ ಅಲ್ಲ.