ಸಿಸ್ಟರ್‌ಗಳಿಗೆ ಕಂಪ್ಯೂಟರ್ ಕಲಿಸುವಾಗ

ಕಲಬುರಗಿಯ ಆಸ್ಪತ್ರೆಯ ಕಂಪ್ಯೂಟರ್‌ನಲ್ಲಿ ‘ಶರಣಬಸಪ್ಪ’ ಅಂತ ಹುಡುಕಿದರೆ ಹೆಸರುಗಳ ಸಾಲೇ ಬರುತ್ತದೆ, ಅದೂ ಇಂಗ್ಲಿಷಿನ ಬೇರೆಬೇರೆ ಸ್ಪೆಲ್ಲಿಂಗ್‌ಗಳಲ್ಲಿ. ಅದಕ್ಕೇ ರೋಗಿಗಳ ದಾಖಲೆಯ ಸಾಫ್ಟ್‌ವೇರ್ ಬಗ್ಗೆ ಸಿಸ್ಟರ್‌ಗಳಿಗೆ ಕೊಡುವ ತರಬೇತಿಯ ಮೊದಲ ಪಾಠ ಸರಿಯಾದ ರೋಗಿಯನ್ನು ಹುಡುಕುವುದು. ಮೊಬೈಲ್ ನಂಬರ್ ಸಾಲದು, ಮನೆಮಂದಿಗೆಲ್ಲ ಒಂದೇ ಫೋನ್ ಇರುತ್ತದೆ. ಆಸ್ಪತ್ರೆಯ ನೋಂದಣಿ ಸಂಖ್ಯೆ ಅಥವಾ 14 ಅಂಕಿಯ ಆಭಾ (ABHA, ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ ಹಾಕಿ, ಹೆಸರು, ವಯಸ್ಸನ್ನು ರೋಗಿಯ ಬಾಯಿಂದಲೇ ಕೇಳಿ ತಾಳೆ ನೋಡಬೇಕು.

ಹೆಚ್ಚು ಕೆಡುವುದು ಲಾಗಿನ್ ಮತ್ತು ಸಮಯದಲ್ಲಿ. ಬೆಳಗಿನ ಪಾಳಿಯವರು ತೆರೆದಿಟ್ಟು ಹೋದ ಲಾಗಿನ್‌ನಲ್ಲೇ ಮುಂದಿನವರು ದಾಖಲಿಸಿದರೆ, ಇಂಜೆಕ್ಷನ್ ಕೊಟ್ಟವರು ಒಬ್ಬರು, ದಾಖಲೆಯಲ್ಲಿರುವವರು ಇನ್ನೊಬ್ಬರು. 8 ಗಂಟೆಗೆ ಕೊಟ್ಟ ಆಂಟಿಬಯೋಟಿಕ್ ಅನ್ನು 11ಕ್ಕೆ ಕೂತು ನಮೂದಿಸಿದರೆ ಎಷ್ಟೋ ಸಾಫ್ಟ್‌ವೇರ್‌ಗಳು ತಾವಾಗಿ 11 ಅಂತಲೇ ಹಾಕಿಕೊಳ್ಳುತ್ತವೆ. ‘ಕೊಟ್ಟ ಸಮಯ’ ತಿದ್ದದಿದ್ದರೆ ಮುಂದಿನ ಡೋಸ್ ಮೂರು ಗಂಟೆ ತಡವಾಗುತ್ತದೆ. ಹಾಸಿಗೆ ಬದಲಾದದ್ದನ್ನು ನಮೂದಿಸದಿದ್ದರೆ ಲ್ಯಾಬ್ ವರದಿ ಹಳೇ ವಾರ್ಡಿಗೆ ಹೋಗುತ್ತದೆ.

ಪ್ರೊಜೆಕ್ಟರ್‌ನಲ್ಲಿ ತೋರಿಸಿ ಕಳಿಸಿದರೆ ಏನೂ ಉಳಿಯದು. ಕಾಲ್ಪನಿಕ ರೋಗಿಗಳಿರುವ ಅಭ್ಯಾಸದ ಸರ್ವರ್ ಬೇಕು, ಇಬ್ಬರಿಗೊಂದು ಕಂಪ್ಯೂಟರ್ ಬೇಕು. ರಾತ್ರಿ ಪಾಳಿ ಮುಗಿಸಿದವರನ್ನು ದಯವಿಟ್ಟು ಕೂರಿಸಬೇಡಿ. ಟೈಪಿಂಗ್ ನಿಧಾನ ಅಂತ ಹಿರಿಯ ಸಿಸ್ಟರ್‌ಗಳನ್ನು ಹಿಂದಿನ ಸಾಲಿಗೆ ತಳ್ಳುವುದು ನೋಡಿದರೆ ಸಂಕಟವಾಗುತ್ತದೆ. ಮಿಲಿಗ್ರಾಂ ಇರಬೇಕಾದಲ್ಲಿ ಮೈಕ್ರೋಗ್ರಾಂ ಬಿದ್ದರೆ ಅವರ ಕಣ್ಣಿಗೆ ತಪ್ಪುವುದಿಲ್ಲ.

ಕರೆಂಟ್ ಅಥವಾ ನೆಟ್‌ವರ್ಕ್ ಹೋದಾಗ ಬರೆಯಲು ಕಾಗದದ ಚಾರ್ಟ್ ಕೌಂಟರ್‌ನಲ್ಲೇ ಇರಲಿ. ಅದನ್ನು ಆಮೇಲೆ ಸಿಸ್ಟಮ್‌ಗೆ ಏರಿಸುವವರು ಯಾರು ಅಂತ ಪಾಳಿ ಶುರುವಾಗುವಾಗಲೇ ಹೆಸರು ಬರೆದಿಡಿ.