ಪೀರ್ ಸಪೋರ್ಟ್‌ನಿಂದ ಉಪಯೋಗ ಆಗ್ತಿದೆಯಾ? ತಿಳಿಯೋದು ಹೇಗೆ?

"ನಮ್ಮ ಶುಗರ್ ಗುಂಪಿನಿಂದ ಜನರಿಗೆ ನಿಜಕ್ಕೂ ಉಪಯೋಗ ಆಗ್ತಿದೆ ಅಂತ ತೋರಿಸಬೇಕು. ಒಂದು ಒಳ್ಳೆ ಫಾರ್ಮ್ ಇದ್ರೆ ಕಳಿಸ್ತೀರಾ ಮೇಡಂ?"

ಸಣ್ಣ ಸಂಸ್ಥೆ ನಡೆಸುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಊರಿನಲ್ಲಿ ಶುಗರ್ ಇರುವವರನ್ನು ಒಟ್ಟು ಸೇರಿಸಿ, ಅವರಲ್ಲೇ ಒಬ್ಬಿಬ್ಬರಿಗೆ ತರಬೇತಿ ಕೊಟ್ಟು, ಉಳಿದವರ ಬೆನ್ನಿಗೆ ನಿಲ್ಲುವಂತೆ ಮಾಡುವುದು ಇವರ ಕೆಲಸ. ಇದನ್ನೇ ಪೀರ್ ಸಪೋರ್ಟ್ ಅಂತಾರೆ, ಹಾಗೆ ಬೆನ್ನಿಗೆ ನಿಲ್ಲುವವರೇ ಪೀರ್. ಪ್ರಶ್ನೆ ಬರುವುದು ಹೆಚ್ಚಾಗಿ ದುಡ್ಡು ಕೊಟ್ಟವರು ರಿಪೋರ್ಟ್ ಕೇಳಿದ ಮೇಲೆ. ಅಷ್ಟೊತ್ತಿಗೆ ಅರ್ಧ ಪುರಾವೆ ಕೈತಪ್ಪಿರುತ್ತದೆ.

ನಾನು ಫಾರ್ಮ್ ಕಳಿಸುವುದಿಲ್ಲ. ಇಂಥ ಕಾರ್ಯಕ್ರಮದಲ್ಲಿ ಏನು ಕೇಳಬೇಕು ಅನ್ನುವುದು ಅಷ್ಟು ದೊಡ್ಡ ತಲೆನೋವಲ್ಲ. ಯಾರು ಕೇಳಬೇಕು, ಯಾರನ್ನು ಕೇಳಬೇಕು ಅನ್ನುವುದೇ ಕಷ್ಟ. ಗುಂಪಿನ ಮೊದಲ ಸಭೆಗೂ ಮುಂಚೆ ಅದನ್ನು ತೀರ್ಮಾನ ಮಾಡಬೇಕು.

ವಾರವಾರ ಮನೆಗೆ ಬಂದು ಕಷ್ಟಸುಖ ಮಾತಾಡಿ ಹೋಗುವ ಪೀರ್ ಅಕ್ಕನೇ ಪೆನ್ನು ಹಿಡಿದು "ಮಾತ್ರೆ ಸರಿಯಾಗಿ ತಗೊಳ್ತಿದ್ದೀಯಾ?" ಅಂತ ಕೇಳಿದರೆ ಇಲ್ಲ ಅನ್ನುವವರು ಯಾರು? ಹೌದಕ್ಕ, ತಗೊಳ್ತಿದ್ದೀನಿ ಅಂತಾರೆ. ಇದು ಮೋಸ ಅಲ್ಲ, ದಾಕ್ಷಿಣ್ಯ. ಯಾವ ನಂಟಿನಿಂದ ಕಾರ್ಯಕ್ರಮ ನಡೆಯುತ್ತದೋ ಅದೇ ನಂಟು ಉತ್ತರವನ್ನು ಕೆಡಿಸುತ್ತದೆ.

ಇದಕ್ಕೆ ನಮ್ಮ ಕರ್ನಾಟಕದಲ್ಲೇ ಬಳಸಿ ನೋಡಿದ ಒಂದು ಜಾಣ ಉಪಾಯ ಇದೆ. ಲೈಂಗಿಕ ಕಾರ್ಯಕರ್ತೆಯರ ನಡುವೆ ಎಚ್‌ಐವಿ ತಡೆಯುವ ಕೆಲಸದಲ್ಲಿ ಅವರದೇ ಸಮುದಾಯದ ಹೆಂಗಸರು ಪೀರ್ ಆಗಿದ್ದರು. ಕಾಂಡೋಮ್ ಬಳಸಿದಿರಾ ಅಂತ ಎದುರಿಗೆ ಕೂತು ಕೇಳಿದರೆ ನಿಜ ಹೊರಬರುವುದು ಕಡಿಮೆ. ಹಾಗಾಗಿ 'ಪೋಲಿಂಗ್ ಬೂತ್ ಸರ್ವೆ' ಮಾಡಿದರು. ಹತ್ತು ಹನ್ನೆರಡು ಜನ ಒಂದೇ ಕೋಣೆಯಲ್ಲಿ, ಆದರೆ ಪ್ರತಿಯೊಬ್ಬರೂ ಮತಗಟ್ಟೆಯಲ್ಲಿ ನಿಂತಂತೆ ಪರದೆಯ ಹಿಂದೆ. ಒಬ್ಬರು ಪ್ರಶ್ನೆ ಓದುತ್ತಾರೆ. ಉಳಿದವರು ಆ ಪ್ರಶ್ನೆಯ ಚೀಟಿಯನ್ನು ಹೌದಾದರೆ ಒಂದು ಬಣ್ಣದ ಡಬ್ಬಿಗೆ, ಇಲ್ಲವಾದರೆ ಇನ್ನೊಂದು ಬಣ್ಣದ ಡಬ್ಬಿಗೆ ಹಾಕುತ್ತಾರೆ. ಯಾರ ಚೀಟಿ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎದುರಾಬದುರು ಸಂದರ್ಶನಕ್ಕಿಂತ ಇಲ್ಲಿ ಜಾಸ್ತಿ ಜನ ಅಪಾಯದ ನಡವಳಿಕೆಯನ್ನು ಒಪ್ಪಿಕೊಂಡರು. ಓದು ಬರಹ ಬಾರದವರೂ ಇದರಲ್ಲಿ ಸೇರಬಹುದು. ಒಂದೇ ತೊಂದರೆ: ಒಬ್ಬೊಬ್ಬರ ಬದಲಾವಣೆ ಸಿಗುವುದಿಲ್ಲ, ಇಡೀ ಗುಂಪಿನ ಲೆಕ್ಕ ಮಾತ್ರ. ಮಾತ್ರೆ ತಪ್ಪಿಸಿದ್ದು, ಸಿಹಿ ತಿಂದದ್ದು, ಕುಡಿದದ್ದು ಕೇಳುವುದಕ್ಕೆ ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು, ಬಿಟ್ಟು ಹೋದವರು. ನಲವತ್ತು ಜನ ಸೇರಿ, ವರ್ಷದ ಕೊನೆಗೆ ಹದಿನೆಂಟು ಜನ ಉಳಿದರು ಅಂತಿಟ್ಟುಕೊಳ್ಳಿ. ಆ ಹದಿನೆಂಟು ಜನರ ಶುಗರ್ ಚೆನ್ನಾಗಿಯೇ ಇರುತ್ತದೆ. ಇರದೇ ಏನು, ಮೊದಲಿಂದಲೂ ಶಿಸ್ತಿನವರೇ ಉಳಿದಿರುವುದು! ಉಳಿದ ಇಪ್ಪತ್ತೆರಡು ಜನ ಯಾಕೆ ಬರಲಿಲ್ಲ? ಸಭೆಯ ಹೊತ್ತಿಗೆ ಕೂಲಿಗೆ ಹೋಗಬೇಕಿತ್ತಾ? ಗುಂಪಿನಲ್ಲಿ ಯಾರೋ ಮನಸ್ಸಿಗೆ ನೋವಾಗುವಂತೆ ಮಾತಾಡಿದರಾ? ಅಥವಾ ಶುಗರ್ ಹತೋಟಿಗೆ ಬಂದು, ಸಾಕು ಅನ್ನಿಸಿತಾ? ಸೇರುವ ದಿನವೇ ಮನೆಯವರ ಇನ್ನೊಂದು ನಂಬರ್ ತಗೊಳ್ಳಿ. "ನೀವು ಬಿಟ್ಟರೂ ಒಂದು ಸಲ ಫೋನ್ ಮಾಡ್ತೀವಿ, ಪರವಾಗಿಲ್ಲವಾ?" ಅಂತ ಕೇಳಿ ಒಪ್ಪಿಗೆ ಪಡೆಯಿರಿ. ಫೋನ್ ಮಾಡುವವರು ಆ ಊರಿನವರಾಗಿರಬಾರದು.

ರಕ್ತ ಪರೀಕ್ಷೆ ಇದೆಯಲ್ಲ, ಅದು ಸುಳ್ಳು ಹೇಳುತ್ತಾ ಅಂತೀರಿ. ಸುಳ್ಳು ಹೇಳಲ್ಲ, ಆದರೆ ದಾರಿ ತಪ್ಪಿಸಬಹುದು. ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಹೇಳುವುದು ಹಿಂದಿನ ಎರಡು ಮೂರು ತಿಂಗಳ ಶುಗರ್ ಸರಾಸರಿ. ಹಾಗಾಗಿ ತಿಂಗಳಿಗೇ ಮತ್ತೆ ಮಾಡಿಸಿದರೆ ದುಡ್ಡು ದಂಡ. ಅದಲ್ಲದೆ ಜನ ಗುಂಪಿಗೆ ಬರುವುದೇ ಶುಗರ್ ವಿಪರೀತ ಏರಿ ಹೆದರಿದಾಗ. ಅಂಥವರಲ್ಲಿ ಹಲವರಿಗೆ ಗುಂಪಿಲ್ಲದಿದ್ದರೂ ಒಂದಿಷ್ಟು ಇಳಿಯುತ್ತಿತ್ತು. ಹಾಗಾಗಿ ಗುಂಪು ಇಲ್ಲದವರ ಜೊತೆ ಹೋಲಿಸಿ ನೋಡಬೇಕು. ಎಲ್ಲ ಊರುಗಳಲ್ಲೂ ಒಟ್ಟಿಗೆ ಶುರು ಮಾಡಲು ಹೇಗೂ ಆಗುವುದಿಲ್ಲ, ಅಲ್ವಾ? ಯಾವ ಊರು ಮೊದಲು ಅಂತ ಚೀಟಿ ಎತ್ತಿ. ಆರು ತಿಂಗಳು ತಡವಾಗಿ ಶುರುವಾಗುವ ಊರಲ್ಲೂ, ಮೊದಲ ಊರಿನ ಜೊತೆಗೇ, ಮೊದಲ ದಿನವೇ ಪರೀಕ್ಷೆ ಮಾಡಿಸಿ. ಹೋಲಿಸಲು ಪುಕ್ಕಟೆ ದಾರಿ ಸಿಕ್ಕಂತಾಯಿತು.

ಯಾವುದನ್ನು ಫಲಿತಾಂಶ ಅಂತ ಲೆಕ್ಕಕ್ಕೆ ಹಿಡಿಯುತ್ತೀರಿ ಅನ್ನುವುದಕ್ಕೆ ಕೇರಳದ ಅಧ್ಯಯನ ನೋಡಿ. ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿನ್‌ಕರ ತಾಲ್ಲೂಕಿನಲ್ಲಿ 60 ಮತಗಟ್ಟೆ ವ್ಯಾಪ್ತಿಗಳಿಂದ, ಮಧುಮೇಹ ಬರುವ ಸಾಧ್ಯತೆ ಹೆಚ್ಚಿದ್ದ 1,007 ಜನರನ್ನು ಆರಿಸಿದ್ದರು. ಅರ್ಧದಷ್ಟು ಜನರಿಗೆ ಊರಿನವರೇ ಮುನ್ನಡೆಸುವ ಗುಂಪುಗಳು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡು ವರ್ಷದಲ್ಲಿ ಗುಂಪಿದ್ದವರಲ್ಲಿ 14.9% ಜನರಿಗೆ, ಇಲ್ಲದವರಲ್ಲಿ 17.1% ಜನರಿಗೆ ಮಧುಮೇಹ ಬಂತು. ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಆದರೆ ಅವರು ಬೇರೆ ಸಂಗತಿಗಳನ್ನೂ ಅಳೆದಿದ್ದರು: ಗುಂಪಿದ್ದವರಲ್ಲಿ ಕುಡಿತ ಕಡಿಮೆಯಾಗಿತ್ತು, ಹಣ್ಣು ತರಕಾರಿ ತಿನ್ನುವುದು ಹೆಚ್ಚಾಗಿತ್ತು. ಅವನ್ನು ಅಳೆಯದಿದ್ದರೆ ಕೆಲಸವೆಲ್ಲ ನೀರಲ್ಲಿ ಹೋಮ ಅನ್ನಿಸುತ್ತಿತ್ತು. ಹಾಗಂತ ಹತ್ತಾರು ಅಳತೆ ತೆಗೆದು, ಚೆನ್ನಾಗಿ ಬಂದ ಒಂದನ್ನು ಎತ್ತಿ ತೋರಿಸುವುದು ಸರಿಯಲ್ಲ. ಮುಖ್ಯವಾದದ್ದು ಯಾವುದು ಅಂತ ಮೊದಲೇ ತಾರೀಖು ಹಾಕಿ ಬರೆದಿಡಿ.

ಪೀರ್‌ಗಳನ್ನೂ ಮರೆಯಬೇಡಿ. ಹತ್ತು ಜನರ ಕಷ್ಟ ಕೇಳಿ ಅವರಿಗೇ ಸುಸ್ತಾಗಿರುತ್ತದೆ. ಅವರಿಗೆ ರಿಜಿಸ್ಟರ್ ಬರೆಯುವ ಕೆಲಸ ಹೊರಿಸುವ ಬದಲು, ಸಭೆ ಮುಗಿದ ಮೇಲೆ ಒಂದು ವಾಯ್ಸ್ ಮೆಸೇಜ್ ಕಳಿಸಲು ಹೇಳಿ. ಅದು ಸಂಸ್ಥೆಯ ನಂಬರಿಗೆ ಮಾತ್ರ. ಯಾರದ್ದೇ ಶುಗರ್ ನಂಬರ್ ಆಗಲಿ ಊರಿನ ವಾಟ್ಸಾಪ್ ಗುಂಪಿಗೆ ಹೋಗಬಾರದು.

ದುಡ್ಡು ಸಾಲದು ಅಂತಾದರೆ ಮೊದಲು ನಲವತ್ತು ಪ್ರಶ್ನೆಗಳ ಉದ್ದದ ಫಾರ್ಮ್ ಬಿಡಿ. ಆಮೇಲೆ ಕೊನೆಯ ದಿನದ ವಿಡಿಯೋ ಬಿಡಿ. ಬಿಟ್ಟು ಹೋದವರಿಗೆ ಮಾಡುವ ಫೋನಿನ ಖರ್ಚು ಮಾತ್ರ ಮುಟ್ಟಬೇಡಿ.