ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲ ಜೂರಿ ಸಮನ್ಸ್ ಬಂದಾಗ

ಜೂರಿ ಎಂದರೆ ಕೋರ್ಟಿನಲ್ಲಿ ಕೇಸು ಕೇಳಿ ತೀರ್ಪು ಕೊಡುವ ಜನಸಾಮಾನ್ಯರ ತಂಡ. ಅದಕ್ಕೆ ಕರೆಯುವ ಸಮನ್ಸ್ ಅಂಚೆಯಲ್ಲಿ ಬಂದರೆ ಜಾಹೀರಾತು ಕಾಗದಗಳ ಜೊತೆ ಎಸೆಯಬೇಡಿ. ಡಿಎಂವಿ (ಡ್ರೈವಿಂಗ್ ಲೈಸೆನ್ಸ್ ಕೊಡುವ ಇಲಾಖೆ), ಮತದಾರರು, ತೆರಿಗೆದಾರರು, ಈ ಪಟ್ಟಿಗಳಿಂದ ಹೆಸರು ಎತ್ತುವುದರಿಂದ ಎಚ್‌-1ಬಿ ವೀಸಾದವರಿಗೂ ಗ್ರೀನ್ ಕಾರ್ಡ್‌ನವರಿಗೂ ಅದು ಬರುತ್ತದೆ. ಅಮೆರಿಕದ ಪೌರತ್ವ ಇಲ್ಲದವರು ಜೂರಿಯಲ್ಲಿ ಕೂರುವಂತಿಲ್ಲ, ಆದರೆ ಉತ್ತರ ಕೊಡಲೇಬೇಕು. ಫಾರಂನಲ್ಲಿ ಆ ಕಾರಣ ಗುರುತಿಸಿ ಕಳಿಸಿದರೆ ಸಾಕು. ಸುಮ್ಮನಿದ್ದರೆ ದಂಡ 1500 ಡಾಲರ್‌ವರೆಗೂ ಹೋಗಬಹುದು. ಹಾಗಂತ ಯಾರೋ ಫೋನ್ ಮಾಡಿ ‘ಜೂರಿ ತಪ್ಪಿಸಿದ್ದೀರಿ, ಗಿಫ್ಟ್ ಕಾರ್ಡಲ್ಲಿ ದಂಡ ಕಟ್ಟಿ’ ಎಂದರೆ ಅದು ಶುದ್ಧ ಮೋಸ.

ಊರಿಗೆ ಟಿಕೆಟ್ ಬುಕ್ ಆಗಿದ್ದರೆ ದಿನಾಂಕ ಮುಂದೂಡಿಸಿಕೊಳ್ಳಿ. ‘ಆಫೀಸಲ್ಲಿ ತುಂಬಾ ಕೆಲಸ’ ಎಂಬ ನೆಪ ನಡೆಯುವುದಿಲ್ಲ. ಜೂರಿಗೆ ಹೋದಿರೆಂದು ಕೆಲಸದಿಂದ ತೆಗೆಯುವಂತಿಲ್ಲ, ಆದರೆ ಆ ದಿನಗಳ ಸಂಬಳ ಕೊಡಬೇಕೆಂಬ ಕಡ್ಡಾಯ ಖಾಸಗಿ ಕಂಪನಿಗಿಲ್ಲ. ಎಚ್ಆರ್ ಹತ್ತಿರ ಮೊದಲೇ ಕೇಳಿ. ಕೋರ್ಟ್ ಕೊಡುವುದು ಎರಡನೇ ದಿನದಿಂದ ದಿನಕ್ಕೆ 15 ಡಾಲರ್, ಜೊತೆಗೆ ಮೈಲಿ ಭತ್ಯೆ. ಪಾರ್ಕಿಂಗಿಗೇ ಸರಿಹೋದೀತು.

ಹೋದವರೆಲ್ಲ ಆಯ್ಕೆಯಾಗುವುದಿಲ್ಲ. ನ್ಯಾಯಾಧೀಶರೂ ಎರಡೂ ಕಡೆಯ ವಕೀಲರೂ ಪ್ರಶ್ನೆ ಕೇಳುತ್ತಾರೆ: ಉದ್ಯೋಗವೇನು, ಮನೆಯಲ್ಲಿ ಪೊಲೀಸರಿದ್ದಾರಾ, ನಿಮ್ಮವರು ಅಪರಾಧಕ್ಕೆ ತುತ್ತಾಗಿದ್ದರಾ. ಪ್ರಮಾಣ ಮಾಡಿದ ಮೇಲಿನ ಉತ್ತರಗಳಿವು. ತಪ್ಪಿಸಿಕೊಳ್ಳಲು ಇಂಗ್ಲಿಷ್ ಬರುವುದಿಲ್ಲ ಎಂದು ನಟಿಸುವುದು ಸುಳ್ಳು ಪ್ರಮಾಣವಾಗುತ್ತದೆ. ಎಲ್ಲರೆದುರು ಹೇಳಲಾಗದ ವಿಷಯವಿದ್ದರೆ ನ್ಯಾಯಾಧೀಶರೊಡನೆ ಪ್ರತ್ಯೇಕವಾಗಿ ಮಾತಾಡಬೇಕು ಎನ್ನಿ. ಕಾರಣ ಹೇಳದೆಯೂ ಕೆಲವರನ್ನು ಕೈಬಿಡುವ ಹಕ್ಕು ವಕೀಲರಿಗಿದೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಕ್ರಿಮಿನಲ್ ಕೇಸುಗಳಲ್ಲಿ 2022ರಿಂದ, ಹಾಗೆ ಕೈಬಿಟ್ಟದ್ದಕ್ಕೆ ಆಕ್ಷೇಪ ಬಂದಾಗ ವಕೀಲರು ಕೊಡುವ ‘ಇವರಿಗೆ ಇನ್ನೊಂದು ಭಾಷೆ ಬರುತ್ತದೆ’ ಎಂಬ ಕಾರಣವನ್ನು ಕಾನೂನು ಮೇಲ್ನೋಟಕ್ಕೇ ಅಸಿಂಧು ಎಂದು ಭಾವಿಸುತ್ತದೆ.

ನಮ್ಮವರು ಎಡವುವ ಇನ್ನೊಂದು ಜಾಗವೂ ಭಾಷೆಯದೇ. ಸಾಕ್ಷಿ ಕನ್ನಡದಲ್ಲೋ ಹಿಂದಿಯಲ್ಲೋ ಹೇಳಿದ್ದು ನಿಮಗೆ ನೇರವಾಗಿ ಅರ್ಥವಾಗಬಹುದು. ಆದರೂ ಕೋರ್ಟಿನ ದುಭಾಷಿ ಇಂಗ್ಲಿಷಿನಲ್ಲಿ ಹೇಳಿದ್ದನ್ನೇ ನಂಬಬೇಕು. ಅನುವಾದ ತಪ್ಪು ಎನಿಸಿದರೆ ತಕ್ಷಣ ಚೀಟಿ ಬರೆದು ಬೇಲಿಫ್ (ಕೋರ್ಟಿನ ಭದ್ರತಾ ಅಧಿಕಾರಿ) ಕೈಗೆ ಕೊಡಿ. ಜೂರಿ ಕೋಣೆಯಲ್ಲಿ ಜೊತೆಯ ಜೂರರಿಗೆ (ಜೂರಿ ಸದಸ್ಯರಿಗೆ) ‘ಅವನು ಹೇಳಿದ್ದು ಹಾಗಲ್ಲ’ ಎಂದು ವಿವರಿಸಲು ಹೋಗಬೇಡಿ. ವಿವರಿಸಿದರೆ ನೀವೇ ಸಾಕ್ಷಿಯಾದಂತೆ, ಮತ್ತು ನಿಮಗೆ ಪಾಟೀಸವಾಲು ಹಾಕುವವರು ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಗೂಗಲ್ ಮಾಡಬಾರದು ಎಂಬುದಕ್ಕೂ ಇದೇ ಕಾರಣ. ಆರೋಪಿಯ ಹೆಸರು, ಘಟನೆಯ ಜಾಗದ ನಕ್ಷೆ, ಔಷಧಿಯ ಗುಣ, ಯಾವುದನ್ನೂ ಹುಡುಕುವಂತಿಲ್ಲ. ಒಬ್ಬ ಜೂರರ್ ಹುಡುಕಿದರೂ ಇಡೀ ವಿಚಾರಣೆ ರದ್ದಾಗಿ ಮೊದಲಿನಿಂದ ನಡೆಯಬೇಕಾಗಬಹುದು. ಮನೆಯವರಿಗೆ ‘ಜೂರಿಯಲ್ಲಿದ್ದೇನೆ’ ಎಂದಷ್ಟೇ ಹೇಳಿ. ವಾಟ್ಸಾಪ್ ಗ್ರೂಪಿನಲ್ಲಿ ಕೇಸಿನ ಸುದ್ದಿಯೇ ಬೇಡ.

ಕೊನೆಗೆ ತೀರ್ಪು ಚರ್ಚಿಸಲು ಜೂರಿ ಕೋಣೆಗೆ ಹೋದಾಗ ಮೊದಲು ಒಬ್ಬರನ್ನು ಮುಖ್ಯಸ್ಥರಾಗಿ ಆರಿಸಿಕೊಳ್ಳಿ. ಒಳಹೊಕ್ಕ ಕೂಡಲೇ ಕೈ ಎತ್ತಿಸಿ ಮತ ಎಣಿಸುವುದು ಒಳ್ಳೆಯದಲ್ಲ, ಒಮ್ಮೆ ಕೈ ಎತ್ತಿದವರು ಆಮೇಲೆ ಹಟಕ್ಕೆ ಬೀಳುತ್ತಾರೆ. ಕ್ರಿಮಿನಲ್ ತೀರ್ಪಿಗೆ 12 ಜನರೂ ಒಪ್ಪಬೇಕು. ಸಿವಿಲ್‌ನಲ್ಲಿ 9 ಸಾಕು. ಬಿಡುಗಡೆಯಾದ ಮೇಲೆ ಕಾರಿಡಾರಿನಲ್ಲಿ ವಕೀಲರು ಬಂದು ಕೇಳಿದರೆ ಮಾತಾಡಬಹುದು, ಇಷ್ಟವಿಲ್ಲದಿದ್ದರೆ ‘ಬೇಡ’ ಎಂದು ಹೊರಟುಬಿಡಬಹುದು.